ಪರಿಹಾರ ಸಿಗುತ್ತದಂತೆ

2024ರ ಮೇ ಮೊದಲ ವಾರ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಅತ್ತೆ ಒಂದು ಸಂದೇಶ ಕಳಿಸಿದರು. ನೆತ್ತಿಯ ಮೇಲೆ ‘ಅನೇಕ ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂಬ ಗುರುತು. ಲಂಡನ್ನಿನ ಕೋರ್ಟಿನಲ್ಲಿ ಕೊರೊನಾ ಲಸಿಕೆಯ ಕಂಪನಿಯೇ ತಪ್ಪು ಒಪ್ಪಿಕೊಂಡಿದೆ, ಕೋವಿಶೀಲ್ಡ್ ಹಾಕಿಸಿಕೊಂಡ ಎಲ್ಲರಿಗೂ ಪರಿಹಾರ ಸಿಗುತ್ತದಂತೆ, ಪ್ರಮಾಣಪತ್ರ ಜೋಪಾನ, ಹತ್ತು ಗುಂಪುಗಳಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ. ಕೆಳಗೆ ಅತ್ತೆಯ ಸ್ವಂತದ ಒಂದು ಸಾಲು: “ನನ್ನ ಮೊಣಕಾಲು ನೋವು ಎಲ್ಲಿಂದ ಬಂತೆಂದು ಈಗ ಗೊತ್ತಾಯಿತು.”

“ಮೂಲ ಯಾವುದು ಅತ್ತೆ?” ಎಂದಳು ಚಿಕ್ಕಪ್ಪನ ಮಗಳು. ಗುಂಪಿಗೆ ಏನೇ ಬಂದರೂ ಅವಳು ಮೊದಲು ಕೇಳುವುದು ಇದನ್ನೇ. ಒಮ್ಮೆ ನಾಮಕರಣದ ಆಮಂತ್ರಣಕ್ಕೂ ಕೇಳಿದ್ದಳು, ಅಭ್ಯಾಸಬಲ.

“ಮೂಲ ನಮ್ಮ ಯೋಗ ತರಗತಿಯ ಗುಂಪು. ಅಲ್ಲಿ ಇಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರುಗಳಿದ್ದಾರೆ.”

ಈಗ ದೊಡ್ಡಪ್ಪನ ಸರದಿ. ಅವರು ನಿವೃತ್ತ ಮುಖ್ಯೋಪಾಧ್ಯಾಯರು. ಗುಂಪು ಅವರಿಗೆ ಬೆಳಗಿನ ಪ್ರಾರ್ಥನಾ ಸಭೆ ಇದ್ದ ಹಾಗೆ. “ದೇಶ ಕಷ್ಟದಲ್ಲಿದ್ದಾಗ ಪುಕ್ಕಟೆಯಾಗಿ ಲಸಿಕೆ ಕೊಟ್ಟರು. ಈಗ ಅದರ ಮೇಲೆ ದಾವೆ ಹೂಡುವ ಮಾತಾಡುವುದು ಕೃತಘ್ನತೆ. ಪಡೆದ ಉಪಕಾರವನ್ನು ನೆನೆಯುವವನೇ ಮನುಷ್ಯ.”

ಪುಕ್ಕಟೆ ಎಂಬ ಮಾತು ಬಾರದಿದ್ದರೆ ಅಂದಿನ ಜಗಳ ಅಲ್ಲಿಗೇ ಮುಗಿಯುತ್ತಿತ್ತೇನೋ. ಎರಡೇ ನಿಮಿಷದಲ್ಲಿ ಚಿಕ್ಕಪ್ಪ ಬರೆದರು: “ಅಣ್ಣ, ನಿಮ್ಮ ಮತ್ತು ಅತ್ತಿಗೆಯ ಎರಡನೇ ಡೋಸು ಪುಕ್ಕಟೆಯಾಗಿರಲಿಲ್ಲ. ತಲಾ 780 ರೂಪಾಯಿ. ಕೊಟ್ಟವನು ನಾನು.”

ವಿಷಯ ನಿಜ. 2021ರ ಜೂನ್‌ನಲ್ಲಿ ಖಾಸಗಿ ಆಸ್ಪತ್ರೆಗಳಲ್ಲಿ ಕೋವಿಶೀಲ್ಡ್‌ಗೆ ಸರ್ಕಾರ ಗೊತ್ತುಪಡಿಸಿದ್ದ ಗರಿಷ್ಠ ದರ ಅದೇ. ಸರ್ಕಾರಿ ಕೇಂದ್ರದಲ್ಲಿ ಕಾಸಿಲ್ಲದೆ ಸಿಗುತ್ತಿತ್ತು, ಆದರೆ ದೊಡ್ಡಪ್ಪನಿಗೆ ಸರದಿಯಲ್ಲಿ ನಿಲ್ಲುವುದು ಆಗದು. ಚಿಕ್ಕಪ್ಪ ಕೋವಿನ್‌ನಲ್ಲಿ ಒಟಿಪಿಗೆ ಕಾದು ಕಾದು ಸ್ಲಾಟ್ ಹಿಡಿದು, ಕಾರಿನಲ್ಲಿ ಕರೆದುಕೊಂಡು ಹೋಗಿ, ಹಣ ಕಟ್ಟಿ ಕರೆತಂದಿದ್ದರು. “ಆಮೇಲೆ ಕೊಡುತ್ತೇನೆ” ಎಂದಿದ್ದರಂತೆ ದೊಡ್ಡಪ್ಪ.

ಇತ್ತ ಮಗಳು ಉದ್ದನೆಯ ಸಂದೇಶ ಬರೆಯುತ್ತಿದ್ದಳು. ಆ ದಿನ ಗುಂಪಿಗೆ ಬಂದದ್ದರಲ್ಲಿ ಓದಲು ಯೋಗ್ಯವಾದದ್ದು ಅದೊಂದೇ, ಮತ್ತು ‘ಇನ್ನಷ್ಟು ಓದಿ’ ಎಂಬುದನ್ನು ಯಾರೂ ಒತ್ತಲಿಲ್ಲ. ಕೋವಿಶೀಲ್ಡ್‌ನ ಮೂಲ ಲಸಿಕೆಯ ಕಂಪನಿ ಆಸ್ಟ್ರಾಜೆನೆಕಾ ಒಪ್ಪಿಕೊಂಡದ್ದು ತಪ್ಪನ್ನಲ್ಲ. ಅತಿ ವಿರಳ ಸಂದರ್ಭಗಳಲ್ಲಿ ತನ್ನ ಲಸಿಕೆಯಿಂದ ಟಿಟಿಎಸ್ ಉಂಟಾಗಬಹುದು ಎಂದು ಫೆಬ್ರುವರಿಯಲ್ಲಿ ಲಂಡನ್ನಿನ ಹೈಕೋರ್ಟಿಗೆ ಸಲ್ಲಿಸಿದ ದಾಖಲೆಯಲ್ಲಿ ಹೇಳಿದೆ, ದಾವೆಗಳನ್ನು ಮಾತ್ರ ಎದುರಿಸುತ್ತಲೇ ಇದೆ. ಟಿಟಿಎಸ್ ಎಂದರೆ ರಕ್ತ ಹೆಪ್ಪುಗಟ್ಟುವುದರ ಜೊತೆಗೆ ಪ್ಲೇಟ್‌ಲೆಟ್ ಕುಸಿಯುವುದು. ಬರುವುದಿದ್ದರೆ ಲಸಿಕೆಯ ಬಳಿಕ ಸಾಮಾನ್ಯವಾಗಿ 4ರಿಂದ 42 ದಿನಗಳೊಳಗೆ. ಯುರೋಪಿನ ಔಷಧ ನಿಯಂತ್ರಕರು ಇದನ್ನು 2021ರ ಏಪ್ರಿಲ್‌ನಲ್ಲೇ ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಲು ಹೇಳಿದ್ದರು. ಅಲ್ಲಿ ಕೋರ್ಟಿಗೆ ಹೋಗಿರುವುದು 51 ಪ್ರಕರಣಗಳು, ಲಸಿಕೆ ಹಾಕಿಸಿಕೊಂಡ ಎಲ್ಲರೂ ಅಲ್ಲ. “ಮೊಣಕಾಲು ಆ ಪಟ್ಟಿಯಲ್ಲಿ ಇಲ್ಲ ಅತ್ತೆ” ಎಂದು ಮುಗಿಸಿದ್ದಳು.

ದೊಡ್ಡಪ್ಪ: “ಹಿರಿಯರಿಗೆ ಇಷ್ಟುದ್ದ ಉತ್ತರ ಕೊಡುವುದು ಸಂಸ್ಕಾರವಲ್ಲ.”

ಚಿಕ್ಕಪ್ಪ: “ಅಣ್ಣ, ಅವಳ ಸಂಸ್ಕಾರದ ಮಾತು ಬಿಡಿ. 1,560ರ ಮಾತಾಡಿ.”

ಈ ನಡುವೆ ಯಾರೋ ಲಸಿಕೆ ಪ್ರಮಾಣಪತ್ರದಿಂದ ಪ್ರಧಾನಿಯವರ ಫೋಟೊ ಮಾಯವಾಗಿದೆ, ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದರು. ಚುನಾವಣಾ ನೀತಿಸಂಹಿತೆ ಜಾರಿಯಲ್ಲಿದೆ, ಅದಕ್ಕೇ ತೆಗೆದಿದ್ದಾರೆ ಎಂದು ನಾನು ಹೇಳಿದೆ. ನನ್ನ ಮಾತಿಗೆ ಒಂದು ಹೆಬ್ಬೆರಳೂ ಬೀಳಲಿಲ್ಲ.

ಸಮಾಧಾನ ಮಾಡಿಸಲು ಹೊರಟವನು ಅತ್ತೆಯ ಮಗ. ಅವನಿಗೆ ಯಾವ ಜಗಳ ಕಂಡರೂ ಹಳೆಯ ಆಲ್ಬಮ್ ನೆನಪಾಗುತ್ತದೆ. “ಎಂಥ ಕಾಲ ಅದು! ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆವು” ಎಂದು 2017ರ ಮದುವೆಯೊಂದರ ಫೋಟೊ ಹಾಕಿದ. ಊಟದ ಪಂಕ್ತಿ, ಎಲೆಯ ತುದಿಯಲ್ಲಿ ಉಪ್ಪು, ದೊಡ್ಡಪ್ಪನ ತಲೆಯಲ್ಲಿ ಇನ್ನೂ ಕೂದಲು. ಎಲ್ಲರೂ ಹೃದಯದ ಚಿತ್ರ ಒತ್ತುತ್ತಿದ್ದಾಗ ಚಿಕ್ಕಪ್ಪನ ಮಗಳು ಫೋಟೊದ ಮೂಲೆಯನ್ನು ಹಿಗ್ಗಿಸಿ, ಕತ್ತರಿಸಿ, ಮತ್ತೆ ಹಾಕಿದಳು. ಪಂಕ್ತಿಯಲ್ಲಿ ಕೂರಲಾಗದೆ ಅತ್ತೆ ಕುರ್ಚಿಯ ಮೇಲೆ ಕುಳಿತಿದ್ದಾರೆ. ಸೀರೆಯ ನೆರಿಗೆ ಸ್ವಲ್ಪ ಮೇಲೆ ಸರಿದು, ಮೊಣಕಾಲಿಗೆ ಬಿಗಿದ ಕಂದು ಬಣ್ಣದ ಪಟ್ಟಿ ಇಣುಕುತ್ತಿದೆ.

“2017” ಎಂದಷ್ಟೇ ಬರೆದಳು.

ಅತ್ತೆ ಟೈಪ್ ಮಾಡುತ್ತಿದ್ದಾರೆ ಎಂದು ಬಹಳ ಹೊತ್ತು ತೋರಿಸಿತು. ಬಂದ ಉತ್ತರ: “ಅದು ಎಡಗಾಲು. ಇದು ಬಲಗಾಲು.” ಮಗನಿಗೆ ಬೇರೆಯಾಗಿ ಏನು ಸಿಕ್ಕಿತೋ, ಅವನು ಸಂಜೆಯವರೆಗೆ ಕಾಣಲಿಲ್ಲ.

ಕೊನೆಗೆ ವಕೀಲಿ ಮಾಡುವ ಭಾವನನ್ನು ಕರೆದರು. ಭಾವ ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರೆಯುವವರಲ್ಲ. ಆ ದಿನ ಕೋರ್ಟಿಗೆ ಬೇಸಿಗೆ ರಜೆಯಿತ್ತು.

“ಬ್ರಿಟನ್ನಿನಲ್ಲಿ 1979ರ ಕಾನೂನೊಂದಿದೆ. ಲಸಿಕೆಯಿಂದ ತೀವ್ರ ಅಂಗವೈಕಲ್ಯವಾದರೆ ಯಾರ ತಪ್ಪೆಂದು ಸಾಧಿಸದೆಯೇ ಒಮ್ಮೆಗೆ 1,20,000 ಪೌಂಡ್ ಕೊಡುತ್ತಾರೆ. ಶೇ 60ರಷ್ಟಾದರೂ ವೈಕಲ್ಯ ಇರಬೇಕು.”

ಅತ್ತೆ: “ರೂಪಾಯಿಯಲ್ಲಿ ಎಷ್ಟು?”

“ಸುಮಾರು ಒಂದೂಕಾಲು ಕೋಟಿ.”

“ನನ್ನ ಮೊಣಕಾಲು ಶೇ 60 ಹೋಗಿಯೇ ಇದೆ.”

“ನಮ್ಮಲ್ಲಿ ಅಂಥ ಯೋಜನೆ ಇಲ್ಲ ಅತ್ತೆ. ಕೋವಿಡ್‌ನಿಂದ ಸತ್ತವರ ಮನೆಯವರಿಗೆ 50,000 ರೂಪಾಯಿ ಕೊಟ್ಟರಲ್ಲ, ಅದನ್ನೂ ಇದನ್ನೂ ಯಾರೋ ಕಲಸಿದ್ದಾರೆ. ಲಸಿಕೆಯ ನಂತರ ಹೆಣ್ಣುಮಕ್ಕಳನ್ನು ಕಳೆದುಕೊಂಡ ಎರಡು ಮನೆಯವರು ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ. ಸರ್ಕಾರ 2022ರ ನವೆಂಬರ್‌ನಲ್ಲಿ ಅಫಿಡವಿಟ್ ಸಲ್ಲಿಸಿ, ಲಸಿಕೆ ಕಡ್ಡಾಯವಾಗಿರಲಿಲ್ಲ, ನೇರ ಹೊಣೆ ತನ್ನದಲ್ಲ, ಬೇಕಾದವರು ಸಿವಿಲ್ ಕೋರ್ಟಿಗೆ ಹೋಗಲಿ ಎಂದಿದೆ. ಅಲ್ಲಿ ಯಾರ ನಿರ್ಲಕ್ಷ್ಯ, ಅದರಿಂದಲೇ ಹಾನಿಯಾಯಿತೇ ಎಂದು ಸಾಧಿಸುವ ಹೊರೆ ಮಕ್ಕಳನ್ನು ಕಳೆದುಕೊಂಡವರದೇ.”

“ಅಯ್ಯೋ ಪಾಪ” ಎಂದು ನಾಲ್ಕು ಜನ, ಕೈಮುಗಿದ ಚಿತ್ರ ಏಳು. ಪರಿಹಾರ ಕೇಳಲು ನಿಜವಾದ ಕಾರಣವಿದ್ದವರ ಮಾತು ಆ ದಿನ ಗುಂಪಿನಲ್ಲಿ ಬಂದದ್ದು ಅದೊಂದು ಸಲ. ಬಾಳಿದ್ದು ಒಂದು ನಿಮಿಷ. ಯಾಕೆಂದರೆ ಅಷ್ಟರಲ್ಲಿ ಚಿಕ್ಕಪ್ಪ ಕೇಳಿದರು: “ಗ್ರಾಹಕರ ವೇದಿಕೆಗೆ ಹೋಗಬಹುದೇ?”

ಭಾವ ಹೇಳಿದ್ದು ಇಷ್ಟು. ಎಲ್ಲರಿಗೂ ಉಚಿತವಾಗಿ ಕೊಡುವ ಕಡೆ ಪಡೆದವರು ಗ್ರಾಹಕ ಕಾನೂನಿನ ಪ್ರಕಾರ ಗ್ರಾಹಕರಲ್ಲ. 1995ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಹಣ ಕೊಟ್ಟು ಪಡೆದವರು ಗ್ರಾಹಕರು. ಆದರೆ ದೂರಿಗೆ ಎರಡು ವರ್ಷದ ಗಡುವು; ಕೊರೊನಾ ಕಾಲಕ್ಕೆ ಕೋರ್ಟ್ ಕೊಟ್ಟ ವಿನಾಯಿತಿಯನ್ನು ಕಳೆದರೂ ಅದು ಈ ಫೆಬ್ರುವರಿಗೆ ಮುಗಿದಿದೆ. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಬೇಕು. ಎಲ್ಲಕ್ಕಿಂತ ಮೊದಲು ಹಾನಿ ಆಗಿರಬೇಕು.

ಕೊನೆಯ ವಾಕ್ಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚಿಕ್ಕಪ್ಪ ಹತ್ತೇ ನಿಮಿಷದಲ್ಲಿ ಆಸ್ಪತ್ರೆಯ ರಸೀದಿಗಳ ಚಿತ್ರ ಹಾಕಿದರು. ಮೂರು ವರ್ಷ ಮಡಿಸಿಟ್ಟ ಕಾಗದ, ಮಡಿಕೆಯ ಗೆರೆಯಲ್ಲಿ ಶಾಯಿ ಅಳಿಸಿದೆ, 780 ಮಾತ್ರ ಸ್ಪಷ್ಟ. ಒಂದರಲ್ಲಿ ದೊಡ್ಡಪ್ಪನ ಹೆಸರು, ಇನ್ನೊಂದರಲ್ಲಿ ದೊಡ್ಡಮ್ಮನದು.

“ಹಣ ನನ್ನದು, ಹೆಸರು ಅವರದು. ಹಾಗಾದರೆ ಗ್ರಾಹಕ ಯಾರು?”

“ಇಬ್ಬರೂ ಚಿಕ್ಕಪ್ಪ. ಹಣ ಕೊಟ್ಟವರೂ ಗ್ರಾಹಕರು, ಅವರ ಒಪ್ಪಿಗೆಯಿಂದ ಸೇವೆ ಪಡೆದವರೂ ಗ್ರಾಹಕರು.”

ಕೃತಘ್ನತೆಯ ಬಗ್ಗೆ ಬೆಳಿಗ್ಗೆ ಬೋಧಿಸಿದ್ದ ದೊಡ್ಡಪ್ಪ ಈಗ ಬಾಯಿಬಿಟ್ಟರು: “ಹಾಗಿದ್ದರೆ ಮುಂದೆ ಏನಾದರೂ ಪರಿಹಾರ ಬಂದರೆ ಅದು ಚುಚ್ಚಿಸಿಕೊಂಡವರಿಗೆ ಬರಬೇಕು. ತೋಳು ನನ್ನದು.”

“ಮೊದಲು 1,560 ಕೊಡಿ, ಆಮೇಲೆ ತೋಳಿನ ಮಾತು.”

ರಾತ್ರಿ ಒಂಬತ್ತಕ್ಕೆ ದೊಡ್ಡಪ್ಪ ಗುಂಪಿನಲ್ಲೇ ಸ್ಕ್ರೀನ್‌ಶಾಟ್ ಹಾಕಿದರು. ಚಿಕ್ಕಪ್ಪನ ಖಾತೆಗೆ 1,560 ರೂಪಾಯಿ ಜಮಾ. ಟಿಪ್ಪಣಿಯ ಜಾಗದಲ್ಲಿ ‘ಲಸಿಕೆ, ಪೂರ್ಣ ಚುಕ್ತಾ’ ಎಂದು ಬರೆದಿದ್ದರು. ಚಿಕ್ಕಪ್ಪ ಅದನ್ನು ಕೂಡಲೇ ನೋಡಿದ್ದರು. ಬೆಳಿಗ್ಗೆ ಎದ್ದು ಅವರು ಭಾವನಿಗೆ ಕೇಳಿದರು, ಗುಂಪಿನಲ್ಲೇ: “ಮೂರು ವರ್ಷಕ್ಕೆ ಬಡ್ಡಿ ಕೇಳಲು ಗಡುವು ಮುಗಿದಿದೆಯೇ?”