‘ಅರ್ಹತಾ ಪಂದ್ಯ’ ಅಂದರೆ ಯಾವುದು? ಮಹಿಳಾ ಚಾಂಪಿಯನ್‌ಷಿಪ್‌ಗೆ ಬೇರೆ ಪದ ಬೇಕಲ್ವಾ?

ಧಾರವಾಡದಿಂದ ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಒಂದು ಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಪದ ಹೊಸದೇನಲ್ಲ. ಅರ್ಹತಾ ಪಂದ್ಯ, ಅರ್ಹತಾ ಸುತ್ತು, ಅರ್ಹತಾ ಟೂರ್ನಿ ಎಂದು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ನಾನೂ ಇಷ್ಟು ದಿನ ಇವೆಲ್ಲ ಒಂದೇ ಅಂದುಕೊಂಡಿದ್ದೆ. ನಮ್ಮ ಶಾಲೆಯ ಗೋಡೆ ಪತ್ರಿಕೆ ಅದನ್ನು ಕೆಡಿಸಿತು.

ಒಂಬತ್ತನೇ ಇಯತ್ತೆಯ ಹುಡುಗಿಯರು ಈ ಸಲದ ಪತ್ರಿಕೆಗೆ ಮಹಿಳಾ ಕ್ರಿಕೆಟ್ ವಿಷಯ ಆರಿಸಿಕೊಂಡರು. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಎತ್ತಿತಲ್ಲ, ಅದರ ಸಂಭ್ರಮ ಅವರಿಗೆ ಇನ್ನೂ ಇಳಿದಿಲ್ಲ. ಒಬ್ಬಳು ದೊಡ್ಡ ಅಕ್ಷರದಲ್ಲಿ ಹೀಗೆ ಬರೆದಳು: ‘ಭಾರತ ಮೂರು ವರ್ಷ ಅರ್ಹತಾ ಪಂದ್ಯಗಳನ್ನು ಆಡಿ ವಿಶ್ವಕಪ್‌ಗೆ ಬಂತು.’

ಪಕ್ಕದಲ್ಲಿ ಕೂತವಳು ಒಪ್ಪಲಿಲ್ಲ. “ವಿಶ್ವಕಪ್ ನಮ್ಮಲ್ಲೇ ಇತ್ತಲ್ರಿ ಟೀಚರ್. ಮನಿಯವ್ರು ಊಟಕ್ಕ ಕೂಡಾಕ ಪಾಳೆ ಹಚ್ಚತಾರೇನ್ರಿ?” ಎಂದಳು. ಶಾಲೆಯ ತಂಡದಲ್ಲಿ ವಿಕೆಟ್ ಕಾಯುವ ಮೂರನೆಯವಳು ಇಬ್ಬರನ್ನೂ ತಿದ್ದಲು ಬಂದಳು. “ಅರ್ಹತಾ ಪಂದ್ಯ ಆಗಿದ್ದು ಲಾಹೋರದಾಗರಿ. ಅದರಾಗ ಇಂಡಿಯಾ ಇರಲೇ ಇಲ್ಲ.”

ವಿಚಾರ ಮಾಡಿದರೆ ಮೂವರ ಮಾತೂ ಸರಿ. ಭಾರತ ಮೂರು ವರ್ಷ ಆಡಿದ್ದು ಹೌದು. ಆತಿಥೇಯ ದೇಶವಾಗಿ ಅದಕ್ಕೆ ಮೊದಲೇ ಜಾಗ ಇದ್ದದ್ದೂ ಹೌದು. ಲಾಹೋರಿನಲ್ಲಿ ಭಾರತ ಇಲ್ಲದ್ದೂ ಹೌದು. ಸರಿ ಇಲ್ಲದ್ದು ಪದ ಒಂದೇ. ಎರಡು ಬೇರೆ ಬೇರೆ ವಸ್ತುಗಳಿಗೆ ನಾವು ಒಂದೇ ಹೆಸರು ಅಂಟಿಸಿಬಿಟ್ಟಿದ್ದೇವೆ.

ಮೊದಲನೆಯದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ (ಐಸಿಸಿ) ಮಹಿಳಾ ಚಾಂಪಿಯನ್‌ಷಿಪ್. ಇದು 2014ರಲ್ಲಿ ಶುರುವಾಯಿತು. ಮೊದಲ ಎರಡು ಸಲ ಎಂಟು ತಂಡ ಇದ್ದವು. ಪ್ರತಿ ತಂಡ ಉಳಿದ ಏಳರ ಜೊತೆಗೂ ಮೂರು ಮೂರು ಏಕದಿನ ಪಂದ್ಯ, ಅಂದರೆ 21 ಆಡಬೇಕಿತ್ತು. 2022ರಿಂದ 2025ರವರೆಗಿನ ಮೂರನೇ ಸಲಕ್ಕೆ ಬಾಂಗ್ಲಾದೇಶ ಮತ್ತು ಐರ್ಲೆಂಡ್ ಸೇರಿ ಹತ್ತಾದವು. ಆಗ ಉಳಿದ ಒಂಬತ್ತರಲ್ಲಿ ಎಂಟು ತಂಡಗಳ ಜೊತೆ ಮೂರರಂತೆ 24 ಪಂದ್ಯ. ಗೆದ್ದರೆ 2 ಅಂಕ, ಟೈ ಆದರೆ ಇಲ್ಲವೇ ಮಳೆಗೆ ಆಟ ನಿಂತರೆ 1. ಕೊನೆಗೆ ಆತಿಥೇಯರನ್ನು ಬಿಟ್ಟು ಮೇಲಿನ ಐದು ತಂಡಗಳಿಗೆ ವಿಶ್ವಕಪ್‌ನಲ್ಲಿ ಜಾಗ. ಹಾಗೆ ಬಂದವರು ಆಸ್ಟ್ರೇಲಿಯಾ, ಇಂಗ್ಲೆಂಡ್, ದಕ್ಷಿಣ ಆಫ್ರಿಕಾ, ಶ್ರೀಲಂಕಾ ಮತ್ತು ನ್ಯೂಜಿಲೆಂಡ್.

ಎರಡನೆಯದು ಅಲ್ಲಿ ಜಾಗ ಸಿಗದೆ ಉಳಿದವರಿಗಾಗಿ ನಡೆಯುವ ಸಣ್ಣ ಟೂರ್ನಿ. ಕಳೆದ ಸಲ ಅದು 2025ರ ಏಪ್ರಿಲ್‌ನಲ್ಲಿ ಲಾಹೋರಿನಲ್ಲಿ ಆಯಿತು. ಆರು ತಂಡ, ಎರಡೇ ಜಾಗ.

ನಮ್ಮ ಪೇಪರುಗಳು ಎರಡನ್ನೂ ‘ಅರ್ಹತಾ ಟೂರ್ನಿ’ ಎನ್ನುತ್ತವೆ. ಚಾಂಪಿಯನ್‌ಷಿಪ್‌ಗೆ ‘ಟೂರ್ನಿ’ ಅನ್ನುವುದೇ ನನಗೆ ಹೊಂದುವುದಿಲ್ಲ. ಅದಕ್ಕೆ ಊರಿಲ್ಲ, ಉದ್ಘಾಟನೆ ಇಲ್ಲ, ಫೈನಲ್ ಇಲ್ಲ. ಇವತ್ತು ಇಲ್ಲಿ ಮೂರು ಪಂದ್ಯ, ನಾಲ್ಕು ತಿಂಗಳು ಬಿಟ್ಟು ಇನ್ನೊಂದು ದೇಶದಲ್ಲಿ ಮೂರು. ‘ಪಂದ್ಯಾವಳಿ’ ಅನ್ನೋಣ ಎಂದರೆ, ಪಂದ್ಯಗಳ ಆವಳಿ, ಅಂದರೆ ಸಾಲು. ಪದದ ಲೆಕ್ಕಕ್ಕೆ ಸರಿ ಇದೆ. ಆದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಪಂದ್ಯಾವಳಿ ಎಂದ ಕೂಡಲೇ ಕಣ್ಣಿಗೆ ಬರುವುದು ಶಾಮಿಯಾನ, ಮೈಕು, ಸುಣ್ಣದ ಗೆರೆ, ಮೇಜಿನ ಮೇಲೆ ಸಾಲಾಗಿ ಇಟ್ಟ ಕಪ್ಪುಗಳು. ಒಂದೇ ಮೈದಾನ, ಎರಡು ಮೂರು ದಿನ. ಮೂರು ವರ್ಷದ ಸಾಲನ್ನು ಆ ಪದ ಹೊರುವುದಿಲ್ಲ.

ಇನ್ನು ‘ಅರ್ಹತಾ’. ಕನ್ನಡದಲ್ಲಿ ಒಂಟಿಯಾಗಿ ನಿಂತಾಗ ‘ಅರ್ಹತೆ’, ಇನ್ನೊಂದು ಪದಕ್ಕಿಂತ ಮೊದಲು ಕೂತಾಗ ಸಂಸ್ಕೃತದ ‘ಅರ್ಹತಾ’ ಮರಳಿ ಬರುತ್ತದೆ. ‘ಸುತ್ತು’ ಅಪ್ಪಟ ಕನ್ನಡ ಪದ, ಆದ್ದರಿಂದ ‘ಅರ್ಹತಾ ಸುತ್ತು’ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಕೂಡಿಸಿದ ಸಮಾಸ, ಎಂದು ಯಾರಾದರೂ ಹೇಳಬಹುದು. ‘ಕ್ರೀಡಾಕೂಟ’ ಒಪ್ಪಿಕೊಂಡಿದ್ದೇವೆ, ಇದನ್ನೂ ಒಪ್ಪಬಹುದು. ನನ್ನ ತಕರಾರು ಅರ್ಥದ್ದು. ‘ನಿನ್ನ ಅರ್ಹತೆ ಏನು?’ ಎಂದು ಯಾರನ್ನು ಕೇಳುತ್ತೇವೆ? ಇನ್ನೂ ಬಾಗಿಲ ಹೊರಗೆ ನಿಂತವರನ್ನು. ಹಾಗಾಗಿ ಅರ್ಹತಾ ಪಂದ್ಯ ಎಂದರೆ ಓದುವವರ ಮನಸ್ಸಿಗೆ ಸಣ್ಣ ತಂಡಗಳ ಆಟ ಎಂದೇ ಬರುತ್ತದೆ. ಚಾಂಪಿಯನ್‌ಷಿಪ್ ಹಾಗಲ್ಲ. ಆಸ್ಟ್ರೇಲಿಯಾ, ಇಂಗ್ಲೆಂಡ್, ಭಾರತದಂಥ ತಂಡಗಳೇ ಎದುರು ಬದುರು ನಿಂತು ಆಡುವುದು ಅದು.

ಪತ್ರಿಕೆಯ ಹುಡುಗಿಯರು ತಾವೇ ಕೆಲವು ಪದ ಸೂಚಿಸಿದರು. ಒಬ್ಬಳು ಲಾಹೋರಿನದಕ್ಕೆ ‘ಪೂರಕ ಟೂರ್ನಿ’ ಅಂದಳು. ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಇದ್ದ ಪೂರಕ ಪರೀಕ್ಷೆ ಅವಳ ತಲೆಯಲ್ಲಿತ್ತು. ಮೊದಲ ಸಲ ನಪಾಸಾದವರಿಗೆ ಇನ್ನೊಂದು ಅವಕಾಶ. ಕೇಳಿದಾಗ ನನಗೂ ಇಷ್ಟವಾಯಿತು. ಆಮೇಲೆ ವಿಕೆಟ್ ಕೀಪರ್ ಹುಡುಗಿಯೇ ಒಂದು ತೊಡಕು ತೋರಿಸಿದಳು. ಲಾಹೋರಿಗೆ ಬಂದ ಆರರಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ವೆಸ್ಟ್ ಇಂಡೀಸ್, ಐರ್ಲೆಂಡ್ ಚಾಂಪಿಯನ್‌ಷಿಪ್‌ನಲ್ಲಿ ಆಡಿ ಕೆಳಗೆ ಉಳಿದವರು. ಥಾಯ್ಲೆಂಡ್ ಮತ್ತು ಸ್ಕಾಟ್ಲೆಂಡ್ ಅದರಲ್ಲಿ ಆಡಿಯೇ ಇರಲಿಲ್ಲ. ರ‍್ಯಾಂಕಿಂಗ್ ಮೇಲೆ ಬಂದವರು. “ಅವ್ರಿಗೆ ಇದ ಮೊದಲನೇ ಪರೀಕ್ಷಾರಿ, ನಪಾಸ್ ಯಾವಾಗ ಆದ್ರು?” ಎಂದು ಕೇಳಿದಳು. ಪೂರಕ ಬಿದ್ದುಹೋಯಿತು.

ಚಾಂಪಿಯನ್‌ಷಿಪ್ ಮೂಲಕ ಬರುವುದಕ್ಕೆ ‘ನೇರ ಪ್ರವೇಶ’ ಎಂದು ಇನ್ನೊಬ್ಬಳು ಬರೆದಿದ್ದಳು. ಪೇಪರಿನಲ್ಲೂ ಹೀಗೇ ಬರುತ್ತದೆ. ಇದಕ್ಕೂ ನನ್ನ ಮನಸ್ಸು ಒಪ್ಪಲಿಲ್ಲ. ನೇರ ಪ್ರವೇಶ ಅಂದರೆ ಪರೀಕ್ಷೆ ಇಲ್ಲದೆ ಸಿಕ್ಕ ಸೀಟಿನ ಹಾಗೆ ಕೇಳುತ್ತದೆ. ಮೂರು ವರ್ಷ, 24 ಪಂದ್ಯ ಆಡಿ ಬರುವ ದಾರಿ ಎಲ್ಲಕ್ಕಿಂತ ಕಷ್ಟದ್ದು. ನಿಜವಾದ ನೇರ ಪ್ರವೇಶ ಆತಿಥೇಯರದು ಮಾತ್ರ.

ಅರ್ಹತಾ ಸುತ್ತು ಎಂದರೆ ಕೀಳು ಎಂಬ ಭಾವನೆ ಬರಬಾರದು ಅನ್ನುವುದಕ್ಕೆ 2017ರ ಕಥೆಯನ್ನು ತರಗತಿಯಲ್ಲಿ ಹೇಳಿದೆ. ಮೊದಲ ಚಾಂಪಿಯನ್‌ಷಿಪ್‌ನಲ್ಲಿ ಮೇಲಿನ ನಾಲ್ಕು ತಂಡಗಳಿಗೆ ಜಾಗ ಇತ್ತು, ಭಾರತ ಐದನೆಯದಾಯಿತು. ಪಾಕಿಸ್ತಾನದ ಜೊತೆ ಆಡದ ಮೂರು ಪಂದ್ಯಗಳ ಅಂಕವೂ ಎದುರಾಳಿಗೆ ಹೋಗಿತ್ತು. ಆಮೇಲೆ ಕೊಲಂಬೊದಲ್ಲಿ ಅರ್ಹತಾ ಸುತ್ತು ಆಡಬೇಕಾಯಿತು. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಎದುರು ಕೊನೆಯ ಎರಡು ಎಸೆತಕ್ಕೆ 8 ರನ್ ಬೇಕಿತ್ತು. ಉಳಿದದ್ದು ಒಂದೇ ವಿಕೆಟ್. ಹರ್ಮನ್‌ಪ್ರೀತ್ ಕೌರ್ ಒಂದು ಸಿಕ್ಸರ್ ಹೊಡೆದು, ಕೊನೆಯ ಎಸೆತಕ್ಕೆ ಎರಡು ಓಡಿದರು. ಅದೇ ತಂಡ ಅದೇ ವರ್ಷ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿತು, ಇಂಗ್ಲೆಂಡ್ ಎದುರು 9 ರನ್‌ಗಳಿಂದ ಸೋತಿತು. ಸೆಮಿಫೈನಲ್‌ಗೆ ಹೋಗಲು ಗೆಲ್ಲಲೇಬೇಕಿದ್ದ ನ್ಯೂಜಿಲೆಂಡ್ ಪಂದ್ಯದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್ ಕೊಟ್ಟು 5 ವಿಕೆಟ್ ತೆಗೆದರು. ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತದಲ್ಲಿ 70 ಹೊಡೆದರು. ಇದನ್ನು ಹೇಳುವಾಗ ತರಗತಿಯಲ್ಲಿ ಒಂದು ಸದ್ದಿರಲಿಲ್ಲ.

ಪದಗಳ ವಿಷಯದಲ್ಲಿ ಎಲ್ಲರಿಗೂ ಖುಷಿ ಕೊಟ್ಟದ್ದು ಮಾತ್ರ ‘ನಿವ್ವಳ’. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಲಾಹೋರಿನಲ್ಲಿ ಎರಡು ಜಾಗದಲ್ಲಿ ಒಂದು ಪಾಕಿಸ್ತಾನಕ್ಕೆ ಹೋಯಿತು. ಬಾಂಗ್ಲಾದೇಶ ಮತ್ತು ವೆಸ್ಟ್ ಇಂಡೀಸ್ ಎರಡೂ ಮೂರು ಮೂರು ಪಂದ್ಯ ಗೆದ್ದವು. ಅಂಕ ಸಮ. ಕೊನೆಯ ಪಂದ್ಯದಲ್ಲಿ ವೆಸ್ಟ್ ಇಂಡೀಸ್ ಥಾಯ್ಲೆಂಡ್‌ನ 166 ರನ್ನನ್ನು 10.5 ಓವರಿನಲ್ಲೇ ದಾಟಿತು. ಆದರೂ ಜಾಗ ಸಿಗಲಿಲ್ಲ. ಬಾಂಗ್ಲಾದೇಶದ ನಿವ್ವಳ ರನ್ ದರ 0.639, ವೆಸ್ಟ್ ಇಂಡೀಸ್‌ನದು 0.626. ದಶಮಾಂಶ ಬಿಂದುವಿನ ಆಚೆಗಿನ ಎರಡನೇ ಅಂಕಿಯಲ್ಲಿ ಒಂದು ವಿಶ್ವಕಪ್ ಹೋಯಿತು.

‘ನಿವ್ವಳ ಅಂದ್ರೇನು?’ ಎಂದು ನಾನು ಕೇಳಿದಾಗ, ಅಜ್ಜಿಯ ಮನೆಯಲ್ಲಿ ಇದ್ದು ಓದುವ, ಹಾವೇರಿ ಕಡೆಯ ಒಬ್ಬ ಹುಡುಗಿ ಕೈ ಎತ್ತಿದಳು. ಅವರಪ್ಪ ಮೆಣಸಿನಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಒಯ್ಯುತ್ತಾರೆ. ಮರುವಾರ ಊರಿಂದ ಬರುವಾಗ ದಲಾಲಿ ಅಂಗಡಿಯ ಪಟ್ಟಿಯನ್ನೇ ತಂದಳು. ಮಡಚಿ ಮಡಚಿ ಮೆತ್ತಗಾದ ಚೀಟಿ, ಮೂಲೆಯಲ್ಲಿ ಖಾರದ ಕೆಂಪು ಬೆರಳಚ್ಚು. ಅದರಲ್ಲಿ ಒಟ್ಟು ತೂಕ, ಕೆಳಗೆ ಚೀಲದ ತೂಕ, ಅದನ್ನು ಕಳೆದರೆ ನಿವ್ವಳ ತೂಕ. “ಚೀಲದ್ದು ತೆಗದ ಮ್ಯಾಲೆ ಉಳಿಯೂದು ನಿವ್ವಳರಿ” ಎಂದಳು. ರನ್ ದರವೂ ಹಾಗೇ. ತಂಡ ಒಂದು ಓವರಿಗೆ ಹೊಡೆದದ್ದು ಎಷ್ಟು, ಅದರಲ್ಲಿ ಎದುರಾಳಿಗೆ ಓವರಿಗೆ ಕೊಟ್ಟದ್ದನ್ನು ಕಳೆ. 50 ಓವರಿಗೆ 250 ಹೊಡೆದು, 50 ಓವರಿಗೆ 200 ಕೊಟ್ಟರೆ, 5ರಲ್ಲಿ 4 ಹೋಗಿ ಉಳಿಯುವುದು 1. ಮಧ್ಯದಲ್ಲೇ ಆಲ್‌ಔಟ್ ಆದರೂ ಪೂರ್ತಿ 50 ಓವರ್ ಆಡಿದಂತೆಯೇ ಭಾಗಿಸಬೇಕು. ಮರಾಠಿಯಲ್ಲೂ ಇರುವ ಈ ಪದ ನಮ್ಮ ಪೇಟೆಯಲ್ಲಿ ಎಷ್ಟು ಗಟ್ಟಿಯಾಗಿ ಬೇರು ಬಿಟ್ಟಿದೆ ಎಂದರೆ, ಕ್ರಿಕೆಟ್ಟಿನ ಕಠಿಣ ಲೆಕ್ಕ ಎರಡು ನಿಮಿಷದಲ್ಲಿ ಎಲ್ಲರಿಗೂ ತಿಳಿಯಿತು. ಇಂಥ ಪದವೇ ಚಾಂಪಿಯನ್‌ಷಿಪ್‌ಗೂ ಬೇಕು ಎಂದು ನನಗೆ ಆಸೆ ಹುಟ್ಟಿದ್ದು ಅಲ್ಲೇ.

ಕ್ರಿಯಾಪದದ ಬಗ್ಗೆಯೂ ಒಂದು ಮಾತು. ‘ಅರ್ಹತೆ ಪಡೆಯಿತು’ ಎಂದರೆ ಯಾರೋ ಕೊಟ್ಟರು, ಇವರು ತೆಗೆದುಕೊಂಡರು ಎಂಬ ಹಾಗಿದೆ. ‘ಟಿಕೆಟ್ ಗಿಟ್ಟಿಸಿತು’ ಎಂಬುದರಲ್ಲಿ ಹೇಗೋ ಮಾಡಿ ದಕ್ಕಿಸಿಕೊಂಡ ವಾಸನೆ ಇದೆ. ನನಗೆ ‘ಗಳಿಸಿತು’ ಚೆಂದ. ದುಡಿದು ಕೂಡಿಸಿದ್ದು ಗಳಿಕೆ. ಎರಡೆರಡೇ ಅಂಕ ಸೇರಿಸುತ್ತ ಹೋಗುವ ಆಟಕ್ಕೆ ಅದೇ ಸರಿ.

ನನ್ನ ಸೂಚನೆ ಹೀಗಿದೆ. ‘ಅರ್ಹತಾ ಸುತ್ತು’ ಎಂಬುದನ್ನು ಲಾಹೋರಿನಂಥ ಕೊನೆಯ ಟೂರ್ನಿಗೆ ಮಾತ್ರ ಇಟ್ಟುಕೊಳ್ಳೋಣ. ಚಾಂಪಿಯನ್‌ಷಿಪ್ ಎಂಬ ಹೆಸರು ಹಾಗೇ ಇರಲಿ, ಆದರೆ ಅದರೊಳಗಿನ ಮೂರು ಮೂರು ಪಂದ್ಯಗಳಿಗೆ ‘ಅಂಕದ ಸರಣಿ’ ಎನ್ನೋಣ. ಇದು ನನ್ನ ಸ್ವಂತದ್ದಲ್ಲ. ನಮ್ಮ ಹುಡುಗಿಯರು ಮೈದಾನದಲ್ಲಿ ‘ಇದು ಪಾಯಿಂಟಿನ ಮ್ಯಾಚ್’, ‘ಇದು ಸುಮ್ನೆ ಮ್ಯಾಚ್’ ಎಂದು ಬೇರೆ ಮಾಡಿ ಹೇಳುತ್ತಾರೆ. ಅದನ್ನೇ ತೆಗೆದುಕೊಂಡೆ. ‘ಭಾರತ-ನ್ಯೂಜಿಲೆಂಡ್ ಏಕದಿನ ಸರಣಿ’ ಎಂದು ಓದಿದರೆ ಏನು ಪಣಕ್ಕಿದೆ ಎಂದು ತಿಳಿಯುವುದಿಲ್ಲ. ‘ಅಂಕದ ಸರಣಿ’ ಎಂದರೆ ಸೋತವರು ಏನು ಕಳೆದುಕೊಂಡರು ಎಂಬುದು ಗೊತ್ತಾಗುತ್ತದೆ. ಒಂದೇ ಅನುಮಾನ. ಶಾಲೆಯಲ್ಲಿ ‘ಅಂಕಪಟ್ಟಿ’ ಅಂದರೆ ಮಾರ್ಕ್ಸ್ ಕಾರ್ಡ್, ಕ್ರೀಡಾ ಪುಟದಲ್ಲಿ ತಂಡಗಳ ಪಟ್ಟಿ. ‘ಅಂಕದ ಸರಣಿ’ಯೂ ಅಂಥ ಗೊಂದಲ ತರುತ್ತದೆಯೇ?

ಇನ್ನೊಂದು ಪ್ರಶ್ನೆ ವಿಶೇಷವಾಗಿ ಗದಗ, ಹಾವೇರಿ ಕಡೆಯ ಹಿರಿಯರಿಗೆ. ಜಾತ್ರೆಯ ಕುಸ್ತಿಯಲ್ಲಿ ಸಣ್ಣ ಜೋಡಿಗಳಿಂದ ಶುರುವಾಗಿ ಕಡೇ ಕುಸ್ತಿಯವರೆಗೆ ಹೋಗುತ್ತಾರೆ. ದೊಡ್ಡ ಜೋಡಿಗೆ ನಿಲ್ಲುವ ಹಕ್ಕನ್ನು ಪೈಲ್ವಾನ ಹಿಂದಿನ ಕುಸ್ತಿಗಳಲ್ಲಿ ಗಳಿಸುತ್ತಾನಲ್ಲ, ಆ ಹಿಂದಿನ ಕುಸ್ತಿಗಳಿಗೆ ಗರಡಿ ಮನೆಯಲ್ಲಿ ಏನೆನ್ನುತ್ತಾರೆ? ಕಬಡ್ಡಿ, ಖೊಖೊ ಆಡಿದವರ ಬಾಯಲ್ಲಿ ಬೇರೆ ಪದ ಇದ್ದರೂ ತಿಳಿಸಿ.

ಗೋಡೆ ಪತ್ರಿಕೆ ಸೋಮವಾರ ಅಂಟಿಸಬೇಕು. ಆ ಹುಡುಗಿಯ ವಾಕ್ಯದಲ್ಲಿ ‘ಅರ್ಹತಾ ಪಂದ್ಯಗಳನ್ನು’ ಇದ್ದ ಕಡೆ ಸದ್ಯಕ್ಕೆ ಬಿಳಿ ಕಾಗದದ ಒಂದು ತುಂಡು ಅಂಟಿಸಿದ್ದೇವೆ. ಪೆನ್ಸಿಲಿನಲ್ಲಿ ‘ಅಂಕದ ಸರಣಿ’ ಎಂದು ಬರೆದಿದ್ದಾಳೆ, ಸ್ಕೆಚ್ ಪೆನ್ ಇನ್ನೂ ಎತ್ತಿಲ್ಲ.