ಅಪ್ಪ ತೀರಿಕೊಂಡ ವರ್ಷ ಮಗುವಿನ ಹುಟ್ಟುಹಬ್ಬ ಮಾಡಬಹುದೇ?

ಪ್ರಶ್ನೆ: ಮೇಡಂ, ನನ್ನ ಪತಿ ತೀರಿಕೊಂಡು ನಾಲ್ಕು ತಿಂಗಳಾಯಿತು. ಮುಂದಿನ ಭಾನುವಾರ ಮಗಳಿಗೆ ಐದು ತುಂಬುತ್ತದೆ. ಬಲೂನು ಕಟ್ಟಬೇಕು, ಗೆಳತಿಯರನ್ನು ಕರೆಯಬೇಕು ಎಂದು ದಿನವೂ ಕೇಳುತ್ತಾಳೆ. ಮಗನನ್ನು ಕಳೆದುಕೊಂಡ ಅತ್ತೆಯವರಿಗೆ ಆ ಮಾತು ಕಿವಿಗೆ ಬಿದ್ದರೂ ಸಂಕಟವಾಗುತ್ತದೆ. ನಿನ್ನೆ ಮಗಳು, "ಅಷ್ಟರಲ್ಲಿ ಅಪ್ಪ ಬರುತ್ತಾರೆ ಅಲ್ಲವಾ?" ಎಂದಳು. ಮಾತು ಹೊರಡದೆ ಎದ್ದು ಹೋದೆ.

ಉತ್ತರ (ಮಕ್ಕಳ ಆಪ್ತ ಸಮಾಲೋಚಕಿ): ಅಮ್ಮಾ, ಮೊದಲು ಆ ಪ್ರಶ್ನೆಗೆ ಉತ್ತರ ಕೊಡಿ, ಬಲೂನು ಆಮೇಲೆ. ಸತ್ತವರು ಮರಳುವುದಿಲ್ಲ ಎಂಬುದು ಈ ವಯಸ್ಸಿಗೆ ಇನ್ನೂ ಪೂರ್ತಿ ತಿಳಿಯುವುದಿಲ್ಲ. ಊರಿಗೆ ಹೋದವರನ್ನು ಕಾಯುವಂತೆ ಕಾಯುತ್ತಾರೆ. "ಮಲಗಿದ್ದಾರೆ", "ದೂರ ಹೋಗಿದ್ದಾರೆ" ಎಂದು ಮನೆಯವರು ಹೇಳಿದರೆ ಕೆಲವು ಮಕ್ಕಳು ನಿದ್ದೆಗೇ ಹೆದರತೊಡಗುತ್ತಾರೆ. "ಅಪ್ಪ ಸತ್ತುಹೋದರು. ಅವರ ದೇಹ ಕೆಲಸ ಮಾಡುವುದನ್ನು ನಿಲ್ಲಿಸಿತು. ಅವರು ಬರುವುದಿಲ್ಲ. ನಿನ್ನಿಂದ ಹೀಗಾಗಲಿಲ್ಲ" ಎನ್ನಿ. ಕೊನೆಯ ಮಾತನ್ನು ಬಿಡಲೇಬೇಡಿ; ತಾನು ಹಟ ಮಾಡಿದ್ದಕ್ಕೇ ಅಪ್ಪ ಹೋದರು ಎಂದು ಮಕ್ಕಳು ಒಳಗೊಳಗೇ ನಂಬಿಬಿಡುತ್ತಾರೆ. ಕೇಳಿದಷ್ಟು ಸಲವೂ ಹೇಳಿ.

ಹುಟ್ಟುಹಬ್ಬ ಮಾಡಿ, ಚಿಕ್ಕದಾಗಿ. ಮೂರು ನಾಲ್ಕು ಗೆಳತಿಯರು, ಒಂದೆರಡು ಗಂಟೆ ಸಾಕು. ಆಟ ಆಡಿಸುವ ಹೊಣೆ ಬೇರೊಬ್ಬರಿಗಿರಲಿ, ನಿಮಗೆ ಒಳಗೆ ಹೋಗಿ ಬರುವ ದಾರಿ ಇರಬೇಕು. ಅಪ್ಪನ ಫೋಟೊ ಅಲ್ಲಿರಬೇಕೇ ಎಂದು ಮಗಳನ್ನೇ ಕೇಳಿ. ಅತ್ತೆಯವರನ್ನು ಒತ್ತಾಯಿಸಬೇಡಿ.

ಪ್ರಶ್ನೆ: ನಾನು ಅವಳೆದುರೇ ಅತ್ತುಬಿಟ್ಟರೆ? ಇನ್ನೊಂದು, ಅವಳು ನಗುವುದನ್ನು ಕಂಡರೆ "ಅಪ್ಪನನ್ನು ಮರೆತೇಬಿಟ್ಟಳು" ಎಂದು ಅತ್ತೆ ನೊಂದುಕೊಳ್ಳುತ್ತಾರೆ.

ಉತ್ತರ: ಅಳಿ. "ಅಪ್ಪನ ನೆನಪಾಯಿತು, ಅದಕ್ಕೆ ಅಳು ಬಂತು" ಎಂದರೆ ಅವಳಿಗೆ ಅರ್ಥವಾಗುತ್ತದೆ. ಕಾರಣ ಹೇಳದ ಅಳು ಮಗುವನ್ನು ಹೆದರಿಸುತ್ತದೆ. ಮಕ್ಕಳ ದುಃಖ ತುಂಡುತುಂಡಾಗಿ ಬರುತ್ತದೆ: ಈಗ ಬಿಕ್ಕಿದ ಮಗು ಮರುಗಳಿಗೆ ಆಟದಲ್ಲಿರುತ್ತದೆ. ದೊಡ್ಡವರ ಮನಸ್ಸೂ ಅಗಲಿಕೆಗೂ ಬದುಕಿಗೂ ನಡುವೆ ಓಲಾಡುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲೇ ವಿವರಿಸಿದ್ದಾರೆ. ಅವಳು ಮರೆತಿಲ್ಲ ಎಂದು ಅತ್ತೆಯವರಿಗೆ ದಯವಿಟ್ಟು ಹೇಳಿ.

ಪ್ರಶ್ನೆ ಕೇಳಿದವರು (ಸೋಮವಾರ): ನಿನ್ನೆ ಹೇಗೋ ಮುಗಿಯಿತು, ಮೇಡಂ. ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಅವಳೇ, "ನಮ್ಮ ಅಪ್ಪ ಸತ್ತುಹೋದರು, ಬರುವುದಿಲ್ಲ" ಎಂದು ಹೇಳಿ ಆಡಲು ಓಡಿದಳು. ಉಳಿದ ತಾಯಂದಿರು ಕಲ್ಲಾಗಿ ನಿಂತರು. ನಾನು ಎರಡು ಸಲ ಒಳಗೆ ಹೋದೆ. ಅತ್ತೆ ಕೋಣೆಯಿಂದ ಬರಲಿಲ್ಲ. ರಾತ್ರಿ ಮಗಳೇ ಒಂದು ಬಲೂನು ಒಯ್ದು ಅವರ ಮಂಚಕ್ಕೆ ಕಟ್ಟಿದಳು. ಆದರೆ ಬೆಳಿಗ್ಗೆ ಎದ್ದವಳೇ, "ಮುಂದಿನ ಹುಟ್ಟುಹಬ್ಬಕ್ಕಾದರೂ ಅಪ್ಪ ಬರುತ್ತಾರಾ?" ಎಂದಳು.

ಉತ್ತರ: ಪಕ್ಕದಲ್ಲಿ ಕೂರಿಸಿಕೊಂಡು ಅದೇ ಉತ್ತರವನ್ನು ಮತ್ತೆ ಹೇಳಿ, ಅಮ್ಮಾ.