ಸಿಇಟಿ ಆಪ್ಷನ್ ಎಂಟ್ರಿ: ಪೊನ್ನಂಪೇಟೆ ಮೊದಲಾ, ಬೆಂಗಳೂರು ಮೊದಲಾ?

ಪ್ರಶ್ನೆ (ಗೋಣಿಕೊಪ್ಪದಿಂದ): ಸರ್, ಮಗಳಿಗೆ ಎಂಜಿನಿಯರಿಂಗ್‌ನಲ್ಲಿ 40 ಸಾವಿರದ ಆಚೆ ರ‍್ಯಾಂಕ್ ಬಂದಿದೆ. ಅವಳಿಗೆ ಬೆಂಗಳೂರೇ ಬೇಕು, ತಪ್ಪಿದರೆ ಮೈಸೂರು. ನಮಗೆ ಹತ್ತಿರದ ಪೊನ್ನಂಪೇಟೆಯ ಸಿಐಟಿ (ಕೂರ್ಗ್ ಇನ್ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಸಿಕ್ಕರೂ ಖುಷಿ. ಸಿಗದ ಕಾಲೇಜು ಮೇಲೆ ಹಾಕಿದರೆ ಹತ್ತಿರದ್ದೂ ಕೈತಪ್ಪುತ್ತೆ, ಪೊನ್ನಂಪೇಟೆಯನ್ನೇ ಒಂದನೇ ಆಪ್ಷನ್ ಮಾಡಿ ಅಂತ ನೆಂಟರು ಹೇಳುತ್ತಿದ್ದಾರೆ. ನಿಜಾನಾ?

ಉತ್ತರ: ಖಂಡಿತ ಇಲ್ಲ ಮೇಡಂ, ದಯವಿಟ್ಟು ಹಾಗೆ ಮಾಡಬೇಡಿ. ಈ ಮಾತು ನಂಬಿ ಸಿಗಬಹುದಾದ ಸೀಟು ಬಿಟ್ಟುಕೊಟ್ಟ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಂಪ್ಯೂಟರ್ 1ನೇ ರ‍್ಯಾಂಕಿನಿಂದ ಶುರು ಮಾಡಿ ಒಬ್ಬೊಬ್ಬರು ಹಾಕಿದ ಆಪ್ಷನ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ. ಮಗಳ ಸರದಿ ಬಂದಾಗ ಒಂದನೆಯದರಲ್ಲಿ ಸೀಟು ಇಲ್ಲವೇ, ಎರಡನೆಯದು. ಅಲ್ಲೂ ಇಲ್ಲವೇ, ಮೂರನೆಯದು. ಮೊದಲು ಎಲ್ಲಿ ಖಾಲಿ ಇದೆಯೋ ಅದು ಅವಳದು. ಇದು ಮುಗಿದ ಮೇಲೇ ಅವಳ ಹಿಂದಿನ ರ‍್ಯಾಂಕಿನವರ ಪಟ್ಟಿ ತೆಗೆಯುವುದು. ಹಾಗಾಗಿ ಅದೇ ಕೆಟಗರಿಯ ಹಿಂದಿನವರೊಬ್ಬರು ಪೊನ್ನಂಪೇಟೆಯನ್ನು ಒಂದನೆಯದಾಗಿ ಹಾಕಿದ್ದು, ನಿಮ್ಮವಳು ಇಪ್ಪತ್ತನೆಯದಾಗಿ ಹಾಕಿದ್ದರೂ ಆ ಸೀಟು ಮೊದಲು ಅವಳಿಗೇ.

ನಿಜವಾದ ಅಪಾಯ ಇರುವುದು ಹತ್ತಿರದ್ದನ್ನು ಮೇಲೆ ಹಾಕುವುದರಲ್ಲಿ. ಅದು ಸಿಕ್ಕಿತು ಅಂದರೆ ಕೆಳಗಿನ ಆಪ್ಷನ್‌ಗಳೆಲ್ಲ ರದ್ದು. ಮೈಸೂರಲ್ಲಿ ಸೀಟು ಖಾಲಿ ಇದ್ದರೂ ಆಮೇಲೆ ಕೇಳುವ ಹಾಗಿಲ್ಲ. ಕಾಲೇಜು, ಬ್ರ್ಯಾಂಚ್ ಎರಡೂ ಸೇರಿ ಒಂದು ಆಪ್ಷನ್ ಆಗುತ್ತದೆ, ಅದನ್ನು ಮರೆಯಬೇಡಿ. ಬೇಕಾದ ಕಾಲೇಜಿನಲ್ಲಿ ಯಾವ ಬ್ರ್ಯಾಂಚ್ ಆದರೂ ಸರಿಯಾ, ಅಥವಾ ಬ್ರ್ಯಾಂಚೇ ಮುಖ್ಯವಾ ಅಂತ ಮಗಳ ಜೊತೆ ಕೂತು ಮಾತಾಡಿ. ಓದುವವಳು ಅವಳು ಅಲ್ವಾ. ಮಾಕ್ ಅಲಾಟ್‌ಮೆಂಟ್ (ಯಾವ ಸೀಟು ಸಿಗಬಹುದು ಅಂತ ತೋರಿಸುವ ಅಣಕು ಹಂಚಿಕೆ) ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶ ಇರುತ್ತದೆ. ಆದರೆ ಮಳೆ ಜೋರಾದರೆ ನಮ್ಮ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಮೊದಲ ಸುತ್ತಿನಲ್ಲಿ ಪೊನ್ನಂಪೇಟೆಯೇ ಬಂದರೆ?

ಉತ್ತರ: ಸೀಟು ಬಂದ ಮೇಲೆ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಆರಿಸಬೇಕು. ನೀವು ಚಾಯ್ಸ್ 2 ಒತ್ತಿ, ಶುಲ್ಕ ಕಟ್ಟಿ. ಸೀಟು ಕೈಯಲ್ಲೇ ಇರುತ್ತದೆ, ಮುಂದಿನ ಸುತ್ತಿನಲ್ಲಿ ಅದಕ್ಕಿಂತ ಮೇಲಿನ ಆಪ್ಷನ್‌ಗಳನ್ನು ಮಾತ್ರ ನೋಡುತ್ತಾರೆ. ಮೇಲಿನದು ಸಿಕ್ಕರೆ ಹಳೆಯದು ತಾನಾಗೇ ಹೋಗುತ್ತದೆ. ಚಾಯ್ಸ್ 3 ಅಂದರೆ ಕೈಯಲ್ಲಿದ್ದ ಸೀಟನ್ನೇ ಬಿಟ್ಟು ಕಾಯುವುದು. ಪೊನ್ನಂಪೇಟೆ ಸಿಕ್ಕರೂ ಖುಷಿ ಅನ್ನುವ ನಿಮಗೆ ಅದು ಸುಮ್ನೆ ತೊಂದರೆ. ಚಾಯ್ಸ್ 1 ಒತ್ತಿದರೆ ಅದೇ ಸೀಟಿಗೆ ಸೇರಿದ ಹಾಗೆ, ಅಲ್ಲಿಗೆ ಮುಗಿಯಿತು. ಚಾಯ್ಸ್ 4 ಅಂದರೆ ಸೀಟು ಹಂಚಿಕೆಯಿಂದ ಪೂರ್ತಿ ಹೊರಗೆ.

ಪ್ರಶ್ನೆ (ನಾಪೋಕ್ಲುವಿನಿಂದ): ನಮ್ಮ ಹುಡುಗ ಮುಂದಿನ ವರ್ಷ ಬರೆಯುತ್ತಾನೆ. ಗ್ರಾಮೀಣ ಮೀಸಲಾತಿಯನ್ನೂ ಆಪ್ಷನ್ ಹಾಕುವಾಗಲೇ ಕೇಳುವುದಾ?

ಉತ್ತರ: ಅಲ್ಲ, ಅರ್ಜಿ ತುಂಬುವಾಗಲೇ. 1ರಿಂದ 10ನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲೇ ಓದಿರಬೇಕು, ಮೀಸಲು 15% ಇದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಬೇಕು. ಶಾಲೆ ಬದಲಾಯಿಸಿದ್ದರೆ ಎಲ್ಲ ಶಾಲೆಗಳಿಂದಲೂ ತರಬೇಕು, ಈಗಲೇ ಓಡಾಡಲು ಶುರು ಮಾಡಿ.